ರಾಗಿ ಹೊಲದ ದಾಯಾದಿ, ಕೆರೆ ಮೇಲಿನ ಆಂಟೆನಾ

ಮಧುಗಿರಿ ಕಡೆ ನಮ್ಮ ಅಕ್ಕನ ಊರು. ಆಗಸ್ಟಿನ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಅಕ್ಕನ ಮಗಳು ಜಗಲಿ ಮೇಲೆ ಕೂತು ಅನುವಂಶೀಯತೆ ಪಾಠದ ಲೆಕ್ಕ, 9:3:3:1 ಅಂತ ಬಾಯಿಪಾಠ ಮಾಡುತ್ತಿದ್ದಳು. ಈ ಸಲ ಎಸ್ಸೆಸ್ಸೆಲ್ಸಿ. ದುಂಡು ಬೀಜ, ಸುಕ್ಕು ಬೀಜ, ಹಳದಿ, ಹಸಿರು. ನಡುವೆ ತಲೆ ಎತ್ತಿ, "ಮಾಮ, ಬಟಾಣಿ ಗಿಡ ಎಷ್ಟೆತ್ತರ ಇರುತ್ತೆ?" ಅಂತ ಕೇಳಿದಳು. ಎತ್ತರದ ಗಿಡ, ಕುಳ್ಳ ಗಿಡ ಅಂತ ಪುಟಗಟ್ಟಲೆ ಓದಿದ್ದಾಳೆ, ಗಿಡ ಮಾತ್ರ ನೋಡಿಲ್ಲ. ನಿಜ ಹೇಳಬೇಕಂದರೆ ನಾನೂ ಸರಿಯಾಗಿ ನೋಡಿಲ್ಲ. ನಮಗೆ ಬಟಾಣಿ ಅಂದರೆ ಅಂಗಡಿಯಿಂದ ತಂದು ಸಾಗುಗೆ ಹಾಕುವ ಕಾಳು, ಅಷ್ಟೇ. ಜಗಲಿಯಿಂದ ಇಪ್ಪತ್ತು ಹೆಜ್ಜೆ ಆಚೆ ಭಾವನ ರಾಗಿ ಹೊಲ ಮೊಣಕಾಲೆತ್ತರ ಬಂದಿತ್ತು. ಆ ಕಡೆ ಇಬ್ಬರೂ ನೋಡಲೇ ಇಲ್ಲ.

ಅವಳ ಎರಡನೇ ಪ್ರಶ್ನೆಗೆ ನಾನು ನಿಜವಾಗಿ ಸಿಕ್ಕಿಬಿದ್ದೆ. "ಮೊದಲಿಗೇ ದುಂಡು, ಸುಕ್ಕು ಅಂತ ಎರಡು ಥರ ಯಾಕಿತ್ತು?"

ಒಳ್ಳೆಯ ಪ್ರಶ್ನೆ, ಅಲ್ವಾ? ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡಲ್ 1856ರಿಂದ ಸುಮಾರು ಎಂಟು ವರ್ಷ, ಹತ್ತಿರ ಹತ್ತಿರ 28,000 ಬಟಾಣಿ ಗಿಡ ಬೆಳೆಸಿ ಲೆಕ್ಕ ಹಾಕಿದ. ಗುಣಗಳು ಮುಂದಿನ ಪೀಳಿಗೆಗೆ ಹೇಗೆ ಹಂಚಿಕೆಯಾಗುತ್ತವೆ ಅಂತ ಹೇಳಿದ. ಅವು ಬೇರೆ ಬೇರೆ ಆಗಿದ್ದು ಹೇಗೆ ಅಂತ ಹೇಳಲಿಲ್ಲ. ಅದನ್ನು ಹೇಳುವುದು ಜೀವವಿಕಾಸದ ಪಾಠ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ತರುವ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈಗ ಆ ಪಾಠವೇ ಇಲ್ಲ.

ಆಗಿದ್ದೇನು ಅಂತ ಒಮ್ಮೆ ನೋಡೋಣ. ಕೋವಿಡ್ ಹೊತ್ತಿನಲ್ಲಿ ಮಕ್ಕಳ ಹೊರೆ ಕಡಿಮೆ ಮಾಡಬೇಕು ಅಂತ 2022ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿಂದ ಒಂದಷ್ಟು ಭಾಗ ತೆಗೆಯಿತು. 'ಅನುವಂಶೀಯತೆ ಮತ್ತು ಜೀವವಿಕಾಸ' ಅಂತಿದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ಪಳೆಯುಳಿಕೆ, ಹೊಸ ಪ್ರಭೇದ ಹುಟ್ಟುವ ಬಗೆ, ಮನುಷ್ಯನ ವಿಕಾಸ, ಎಲ್ಲ ಹೋಯಿತು. ಧಾತುಗಳ ಆವರ್ತಕ ಕೋಷ್ಟಕದ ಅಧ್ಯಾಯವೂ ಹೋಯಿತು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಇದು ಸರಿಯಲ್ಲ ಅಂದರು. ಮುಂದಿನ ತರಗತಿಗಳಲ್ಲಿ ಇವು ಇದ್ದೇ ಇವೆಯಲ್ಲ ಅನ್ನುವುದು ಇನ್ನೊಂದು ಕಡೆಯ ಉತ್ತರ. ಇವೆ, ಹೌದು. ಕೋಷ್ಟಕ ಹನ್ನೊಂದರಲ್ಲಿ, ಜೀವವಿಕಾಸ ಹನ್ನೆರಡರಲ್ಲಿ. ಆದರೆ ಹತ್ತಾದ ಮೇಲೆ ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ ಅಂತ ಹೋಗುವವರೇ ಜಾಸ್ತಿ. ಅವರಿಗೆ ಜೀವಶಾಸ್ತ್ರ ಹತ್ತಕ್ಕೇ ಮುಗಿಯಿತು.

ಹೊರೆ ಕಡಿಮೆಯಾಯಿತು ಅನ್ನುವ ಶಿಕ್ಷಕರೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲ್ಲ. ಜನವರಿಯೊಳಗೆ ಪಾಠ ಮುಗಿಸಿ ರಿವಿಷನ್ ಮಾಡಿಸಬೇಕಾದವರಿಗೆ ಮಾತ್ರ ಆ ಕಷ್ಟ ಗೊತ್ತು. ಆದರೆ ಹೊರೆ ಅನ್ನುವುದು ಪುಟದ ಲೆಕ್ಕವಲ್ಲ. ಒಂದಕ್ಕೊಂದು ಅಂಟದ ಹತ್ತು ಸಂಗತಿ ನೆನಪಿಡುವುದು, ಕೊಂಡಿಯಿರುವ ಇಪ್ಪತ್ತು ನೆನಪಿಡುವುದಕ್ಕಿಂತ ಕಷ್ಟ. ತೆಗೆದಿರುವ ಎರಡೂ ಅಧ್ಯಾಯಗಳು ಕೊಂಡಿಗಳೇ. ಮೆಂಡಲನ ಬಟಾಣಿಯನ್ನು ಇಡೀ ಜೀವಲೋಕಕ್ಕೆ ಕಟ್ಟಿದ್ದ ಕೊಂಡಿ ಒಂದು. ರಸಾಯನಶಾಸ್ತ್ರವನ್ನು ನಕ್ಷತ್ರಗಳಿಗೆ ಕಟ್ಟಿದ್ದ ಕೊಂಡಿ ಇನ್ನೊಂದು.

ಈ ಎರಡೂ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬಿದ್ದಿವೆ. ಎತ್ತಿಕೊಳ್ಳುವವರು ಬೇಕು, ಅಷ್ಟೇ.

ಮೊದಲು ಸುಕ್ಕು ಬಟಾಣಿಯ ಉತ್ತರ ಹೇಳಿಬಿಡುತ್ತೇನೆ. 1990ರಲ್ಲಿ ಅದರ ಜೀನನ್ನೇ ಹಿಡಿದು ನೋಡಿದರು. ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವ ಇದೆ. ಅದರ ಜೀನಿನ ನಡುವೆ ಸುಮಾರು 800 ಅಕ್ಷರದಷ್ಟು ಉದ್ದದ ಒಂದು ಡಿಎನ್‌ಎ ತುಣುಕು ಬಂದು ಕೂತಿತ್ತು. ಕರೆಯದೆ ಬಂದ ನೆಂಟ. ಕಿಣ್ವ ಕೆಟ್ಟಿತು. ಪಿಷ್ಟ ಕಡಿಮೆಯಾಗಿ ಸಕ್ಕರೆ ಜಾಸ್ತಿಯಾಯಿತು. ಸಕ್ಕರೆ ನೀರೆಳೆದುಕೊಂಡಿತು. ಒಣಗುವಾಗ ಆ ನೀರು ಹೋಗಿ ಬೀಜ ಸುಕ್ಕಾಯಿತು. ಸುಕ್ಕು ಬಟಾಣಿ ಸಿಹಿಯಾಗಿರುವುದೂ ಅದಕ್ಕೇ. ಪುಸ್ತಕದಲ್ಲಿ ಸುಕ್ಕು ಗುಣದ ಗುರುತಾಗಿ ಸುಮ್ನೆ ಸಣ್ಣ 'r' ಅಕ್ಷರವಾಗಿ ಕೂತಿರುವುದರ ಹಿಂದೆ ಇಷ್ಟು ಕಥೆ ಇದೆ.

ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಭಾವ ಹೊಲದಿಂದ ಕೂಗಿದರು. ಕಳೆ ಕೀಳುತ್ತಿದ್ದರು. ಹೋದೆವು. ಅವರ ಕೈಲಿ ಒಂದು ಹಿಡಿ ಹುಲ್ಲು. ನನಗದು ರಾಗಿ ಪೈರಿನಂತೆಯೇ ಕಂಡಿತು.

"ಏನ್ ಭಾವ, ಪೈರನ್ನೇ ಕಿತ್ತುಬಿಟ್ರಾ?"

"ಪ್ಯಾಟೆ ಸೇರಿ ಕಣ್ಣು ಹೋಯ್ತು ನಿಂಗೆ. ಬುಡ ನೋಡು. ಚಪ್ಪಟೆ ಐತೆ, ಬೆಳ್ಳಗೈತೆ. ತೆನೆ ಬಂದ್ರೆ ಅದೂ ಬೆರಳು ಬೆರಳಾಗೇ ಬರ್ತದೆ, ಆದ್ರೆ ಸಣ್ಣಕ್ಕೆ. ಇದು ರಾಗಿ ದಾಯಾದಿ ಇದ್ದಂಗೆ."

ದಾಯಾದಿ. ಸಸ್ಯವಿಜ್ಞಾನಿಗಳು ಇಷ್ಟು ಹೇಳುವುದಕ್ಕೆ ಸೂಕ್ಷ್ಮದರ್ಶಕ, ಜೀನುಗಳನ್ನು ಹೊತ್ತ ವರ್ಣತಂತುಗಳ ಎಣಿಕೆ, ಡಿಎನ್‌ಎ ಓದು ಎಲ್ಲ ಮಾಡಬೇಕಾಯಿತು. ಈ ಕಳೆಯ ಹೆಸರು ಎಲೂಸಿನ್ ಇಂಡಿಕಾ. ಇದಕ್ಕೆ 18 ವರ್ಣತಂತುಗಳು. ರಾಗಿಗೆ 36. ಎಷ್ಟೋ ಸಾವಿರ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಈ ಕಳೆಯ ಕುಲದ ಒಂದು ಹುಲ್ಲು ಇನ್ನೊಂದು ಹುಲ್ಲಿನ ಜೊತೆ ಕೂಡಿ, ಎರಡರ ವರ್ಣತಂತುಗಳೂ ಒಂದೇ ಗಿಡದಲ್ಲಿ ಪೂರ್ತಿ ಉಳಿದುಕೊಂಡವು. ಹಾಗೆ ಕಾಡು ರಾಗಿ ಹುಟ್ಟಿತು. ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯವರು ಅದನ್ನು ಒಗ್ಗಿಸಿ ಬೆಳೆ ಮಾಡಿಕೊಂಡರು. ಆಮೇಲೆ ಅದು ಕಡಲು ದಾಟಿ ಇಲ್ಲಿಗೆ ಬಂತು. ಹಾಗಾಗಿ ಭಾವನ ಕೈಲಿದ್ದದ್ದು ದಾಯಾದಿಗಿಂತ ಹತ್ತಿರದ ನೆಂಟ. ರಾಗಿಯ ಅರ್ಧ ಜೀನುಗಳು ಆ ಕುಲದ್ದೇ. ಇನ್ನರ್ಧ ಕೊಟ್ಟ ಹುಲ್ಲು ಯಾವುದು ಅಂತ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಪ್ರಾಯಶಃ ನಶಿಸಿಹೋಗಿದೆ.

ಹೊಸ ಪ್ರಭೇದ ಹೇಗೆ ಹುಟ್ಟುತ್ತೆ ಅಂತ ತಿಳಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಪುಸ್ತಕದಿಂದ ಕಿತ್ತ ಪಾಠ ಬದುವಿನ ಮೇಲೆ ರಾಶಿ ಬಿದ್ದಿತ್ತು.

ರಾಗಿ ಆಫ್ರಿಕಾದಿಂದ ಬಂದದ್ದು ಅಂದರೆ ನಮ್ಮವರಲ್ಲಿ ಕೆಲವರಿಗೆ ಬೇಸರ. ಬೇಸರ ಯಾಕೆ? ಇಲ್ಲಿಗೆ ಬಂದ ಮೇಲೆ ಎಷ್ಟು ಕಾಲ, ಎಷ್ಟು ಕೈಗಳು ಅದರ ಬೀಜ ಆರಿಸಿವೆ. ಯಾವ ತೆನೆ ಬರ ತಡೆಯಿತು, ಯಾವುದರ ಮುದ್ದೆ ಚೆನ್ನಾಗಿ ಕಟ್ಟಿತು ಅಂತ ನೋಡಿ ನೋಡಿ ಎತ್ತಿಟ್ಟಿದ್ದಾರೆ. ಆಫ್ರಿಕಾದವರು ತಮ್ಮ ನೆಲಕ್ಕೆ ಬೇಕಾದ್ದನ್ನು ಆರಿಸಿಕೊಂಡರು. ಎರಡು ಕಡೆಯ ರಾಗಿ ಬೇರೆ ಬೇರೆಯಾಯಿತು. ಡಾರ್ವಿನ್ 1859ರಲ್ಲಿ ತನ್ನ ವಾದ ಶುರು ಮಾಡಿದ್ದೂ ಹೀಗೇ, ಪಾರಿವಾಳ ಸಾಕುವವರು ಮರಿ ಆರಿಸುವುದನ್ನು ತೋರಿಸಿ.

ಈ ಅಗಲಿದ ಎರಡು ಕವಲುಗಳನ್ನು ಮತ್ತೆ ಕೂಡಿಸಿದ್ದು ಸಿ.ಎಚ್. ಲಕ್ಷ್ಮಣಯ್ಯ, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದವರು. ಕೆಲಸ ನಡೆದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ 'ಇಂಡಾಫ್'. ನಮ್ಮ ಅಪ್ಪನ ಕಾಲದವರು ಇಂಡಾಫ್ ಅನ್ನುವುದನ್ನು ಯಾವುದೋ ಕಂಪನಿ ಹೆಸರು ಅಂದುಕೊಂಡಿದ್ದರು. ಈಗ ಎಲ್ಲೆಲ್ಲೂ ಕಾಣುವ ಜಿಪಿಯು-28 ತಳಿಯೂ ಇಂಡಾಫ್ ವಂಶದ್ದೇ. ಬೆಂಕಿ ರೋಗ ತಡೆಯುವ ಗುಣ ಸೇರಿಸಿ ಮಾಡಿದ್ದು. ರೋಗ ತರುವ ಶಿಲೀಂಧ್ರವೂ ಸುಮ್ಮನೆ ಕೂರಲ್ಲ. ಅದೂ ಬದಲಾಗುತ್ತಾ ಇರುತ್ತೆ. ಅದಕ್ಕೇ ತಳಿ ಮಾಡುವವರ ಕೆಲಸ ಎಂದೂ ಮುಗಿಯಲ್ಲ. ಜೀವವಿಕಾಸ ಎಂದೋ ನಡೆದು ಮುಗಿದ ಕಥೆ ಅಂದುಕೊಂಡವರು ಒಂದು ಸಲ ರಾಗಿ ಸಂಶೋಧಕರನ್ನು ಮಾತಾಡಿಸಬೇಕು.

ರಾಗಿಯಲ್ಲಿ ಅಡ್ಡತಳಿ ಮಾಡುವುದು ಹಿಂಸೆಯ ಕೆಲಸ. ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ಅರಳುವುದು ನಸುಕಿಗೂ ಮುಂಚೆ, ಅದೂ ತನ್ನ ಪರಾಗವನ್ನು ತಾನೇ ತಗೊಳ್ಳುವ ಗಿಡ. ಅದಕ್ಕೆ ಹಿಂದಿನವರು ಒಂದು ಉಪಾಯ ಕಂಡುಕೊಂಡರು. ತಾಯಿಯಾಗಿ ಹಸಿರು ಗಿಡ, ತಂದೆಯಾಗಿ ನೇರಳೆ ಬಣ್ಣ ಇರುವ ಗಿಡ ಆರಿಸುವುದು. ಎರಡರ ತೆನೆಯನ್ನೂ ಒಟ್ಟಿಗೆ ಸೇರಿಸಿ ಕಟ್ಟಿಬಿಡುವುದು. ಹಸಿರು ತೆನೆಯ ಬೀಜದಲ್ಲಿ ಹೆಚ್ಚಿನವು ಸ್ವಂತ ಪರಾಗದ್ದೇ ಆಗಿರುತ್ತವೆ. ಆದರೂ ಎಲ್ಲ ಬಿತ್ತುವುದು. ನೇರಳೆ ಪ್ರಬಲ ಗುಣ. ಹಾಗಾಗಿ ಹಸಿರು ತಾಯಿಯ ಮಕ್ಕಳಲ್ಲಿ ನೇರಳೆ ಬಣ್ಣ ಯಾವ ಸಸಿಗೆ ಬಂತೋ ಅದೇ ಅಡ್ಡತಳಿ. ಉಳಿದದ್ದನ್ನು ಕಿತ್ತು ಹಾಕಿದರಾಯಿತು. ಪ್ರಬಲ, ದುರ್ಬಲ ಅನ್ನುವ ಪಾಠವನ್ನು ಜರಡಿಯ ಥರ ಬಳಸಿಕೊಂಡರು ನೋಡಿ. ಆ ನೇರಳೆ ಸಸಿಯ ಬೀಜವನ್ನು ಮತ್ತೆ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ನೇರಳೆ, ಹಸಿರು ಎರಡೂ ಬರುತ್ತವೆ. ಒಂದೇ ಜೋಡಿ ಜೀನಿನ ಆಟವಾಗಿದ್ದರೆ 3:1. ಒಂದಕ್ಕಿಂತ ಜಾಸ್ತಿ ಜೀನು ಕೈ ಹಾಕಿದ್ದರೆ ಲೆಕ್ಕ ಬೇರೆ. ಯಾವುದು ಅಂತ ಎಣಿಸಿಯೇ ತಿಳಿಯಬೇಕು. ಮೆಂಡಲ್ ಮಾಡಿದ್ದೂ ಅದನ್ನೇ ಅಲ್ವಾ?

ಇನ್ನೊಂದು ಕೊಂಡಿ ಆವರ್ತಕ ಕೋಷ್ಟಕದ್ದು. ಕೋಷ್ಟಕ ಅಂದರೆ ಉರು ಹೊಡೆಯುವ ಪಟ್ಟಿ ಅಂತಲೇ ನಮಗೆಲ್ಲ ಅಭ್ಯಾಸ. ಅದು ಹುಟ್ಟಿನ ಕಥೆಯೂ ಹೌದು. ಒಂದನೇ ಮನೆಯ ಜಲಜನಕ ಹುಟ್ಟಿದ್ದು ಮಹಾಸ್ಫೋಟದಲ್ಲಿ, ಸುಮಾರು 1,380 ಕೋಟಿ ವರ್ಷದ ಹಿಂದೆ. ಇಂಗಾಲ, ಆಮ್ಲಜನಕದಿಂದ ಕಬ್ಬಿಣದವರೆಗೆ ಬೆಂದದ್ದು ನಕ್ಷತ್ರಗಳ ಒಲೆಯಲ್ಲಿ. 79ನೇ ಮನೆಯ ಚಿನ್ನಕ್ಕೆ ಆ ಒಲೆಯ ಶಾಖವೂ ಸಾಲದು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು, ಅಂದರೆ ಸತ್ತ ನಕ್ಷತ್ರಗಳ ಗಟ್ಟಿ ತಿರುಳುಗಳು, ಡಿಕ್ಕಿ ಹೊಡೆದ ಗುರುತ್ವ ಅಲೆ ಭೂಮಿಗೆ ತಲುಪಿತು. ಆ ಡಿಕ್ಕಿಯ ಬೆಳಕನ್ನು ಅಳೆದಾಗ ಭಾರದ ಧಾತುಗಳು ಅಲ್ಲಿ ಹುಟ್ಟುತ್ತಿರುವುದು ಕಂಡಿತು. ನಡೆದದ್ದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅಂಥದ್ದೇ ಯಾವುದೋ ಹಳೆಯ ಅವಘಡದ ಚೂರು ಭೂಮಿ ಉಂಡೆಗಟ್ಟುವಾಗ ಸೇರಿಕೊಂಡು, ಕೋಲಾರದ ಸುಮಾರು 270 ಕೋಟಿ ವರ್ಷ ಹಳೆಯ ಬಂಡೆಗಳ ಬಿರುಕಿನಲ್ಲಿ ಎಳೆಯಾಗಿ ಕೂತು, ಕೊನೆಗೆ ಕೆಜಿಎಫ್ ಆಯಿತು.

ಕೆಜಿಎಫ್ ಅಂದರೆ ಮಕ್ಕಳಿಗೆ ಈಗ ಸಿನಿಮಾ. ಸಿನಿಮಾಗಿಂತ ವಿಚಿತ್ರವಾದದ್ದು ಅಲ್ಲಿ ನಿಜವಾಗಿಯೂ ನಡೆದಿದೆ. ಆಕಾಶದಿಂದ ಮ್ಯೂಆನ್ ಅನ್ನುವ ಕಣಗಳ ಮಳೆ ಯಾವಾಗಲೂ ಸುರಿಯುತ್ತಿರುತ್ತದೆ. ನೆಲದೊಳಗೆ ಇಳಿದಷ್ಟೂ ಅವು ಕಡಿಮೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1951ರಿಂದಲೇ ಗಣಿಗೆ ಇಳಿದು ಇವನ್ನು ಎಣಿಸತೊಡಗಿದರು. ನಂತರದ ಅಳತೆಗಳಲ್ಲಿ ಅತಿ ಆಳದ ಜಾಗಕ್ಕೆ ಹೋಗಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಬೇರೆಯವರಾಗಿದ್ದರೆ ಕೆಲಸ ಕೆಟ್ಟಿತು ಅನ್ನುತ್ತಿದ್ದರು. ಇವರಿಗೆ ಅದೇ ದಾರಿಯಾಯಿತು. ಇಷ್ಟು ನಿಶ್ಶಬ್ದ ಇರುವ ಕಡೆ ನ್ಯೂಟ್ರಿನೊ ಸದ್ದು ಮಾಡಿದರೆ ಕೇಳಿಸಬೇಕಲ್ಲ!

ನ್ಯೂಟ್ರಿನೊ ಮಹಾ ಮೊಂಡ ಕಣ. ಸೂರ್ಯನಿಂದ ಬರುವವೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ದಾಟಿ ಹೋಗುತ್ತವೆ. ಒಂದೂ ಮುಟ್ಟಿ ಮಾತಾಡಿಸಲ್ಲ. ಎಲ್ಲೋ ಅಪರೂಪಕ್ಕೆ ಜಾಸ್ತಿ ಶಕ್ತಿಯ ಒಂದು ನ್ಯೂಟ್ರಿನೊ ಬಂಡೆಗೆ ತಾಗಿದರೆ ಅಲ್ಲೊಂದು ಮ್ಯೂಆನ್ ಹುಟ್ಟುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಗೋಡೆಯ ಹಾಗೆ ನಿಲ್ಲಿಸಿದರು. ಮೇಲಿನಿಂದ ಬಂದ ಮ್ಯೂಆನ್ ಲೆಕ್ಕಕ್ಕಿಲ್ಲ. ಪಕ್ಕದಿಂದ ಬಂದರೆ ಅದು ಆಕಾಶದ್ದಾಗಲು ಸಾಧ್ಯವೇ ಇಲ್ಲ, ನಡುವೆ ಅಷ್ಟೊಂದು ಬಂಡೆ ಇದೆ. ಹಾಗಾದರೆ ನ್ಯೂಟ್ರಿನೊದ್ದೇ ಕೆಲಸ. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಸೇರಿ ಮಾಡಿದ ಈ ಕೆಲಸದ ವರದಿ 1965ರ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಿಂದ ಇಂಥದ್ದೇ ವರದಿ ಬಂದದ್ದು ಎರಡು ವಾರ ಬಿಟ್ಟು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುದ್ದಿ ಜಗತ್ತಿಗೆ ಅಚ್ಚಿನಲ್ಲಿ ಮೊದಲು ಮುಟ್ಟಿದ್ದು ಕೋಲಾರ ಜಿಲ್ಲೆಯಿಂದ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಳದಲ್ಲೆಲ್ಲ ನೀರು ತುಂಬಿತು. ಅವತ್ತು ರಾಷ್ಟ್ರೀಯ ವಿಜ್ಞಾನ ದಿನ, ಯಾರಿಗೆ ನೆನಪಿತ್ತೋ ಇಲ್ಲವೋ. ಈ ತಾರೀಖು ಮುಂದೆ ಇನ್ನೆರಡು ಸಲ ಬರುತ್ತದೆ.

ಈಗ ನಮ್ಮ ಚಿಕ್ಕಬಳ್ಳಾಪುರಕ್ಕೆ ಬರೋಣ. ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೊ ದೂರದರ್ಶಕ ಇದೆ. ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನಿಲ್ಲಿಸಿ ಮಾಡಿದ್ದು. ಊರವರಿಗೆ ಅದೊಂದು ತಂತಿ ಕಟ್ಟಿದ ಬಯಲು. ನಾನು ಹೆಚ್ಚು ಹೇಳಬೇಕೆಂದಿರುವುದು ಅದರ ಬಗ್ಗೆ ಅಲ್ಲ, ದಂಡಿಗಾನಹಳ್ಳಿ ಕೆರೆಯ ಬಗ್ಗೆ.

ಮಹಾಸ್ಫೋಟದ ಬಿಸಿ ಆರಿದ ಮೇಲೆ ಬ್ರಹ್ಮಾಂಡದಲ್ಲಿ ದೀಪವಿಲ್ಲದ ಒಂದು ದೀರ್ಘ ಕಾಲ ಇತ್ತು. ಎಲ್ಲೆಲ್ಲೂ ಜಲಜನಕ, ನಕ್ಷತ್ರ ಒಂದೂ ಇಲ್ಲ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಆ ಕಾಲವನ್ನು ಬ್ರಹ್ಮಾಂಡದ ಮುಂಜಾವು ಅನ್ನುತ್ತಾರೆ. ಅವುಗಳ ಬೆಳಕು ಬಿದ್ದಾಗ ಸುತ್ತಲಿನ ಜಲಜನಕದಲ್ಲಿ ಒಂದು ಬದಲಾವಣೆ ಆಗುತ್ತದೆ. ಜಲಜನಕಕ್ಕೆ ತನ್ನದೇ ಒಂದು ರೇಡಿಯೊ ಸ್ವರ ಇದೆ, 1,420 ಮೆಗಾಹರ್ಟ್ಸ್, ಅಲೆಯ ಉದ್ದ 21 ಸೆಂಟಿಮೀಟರ್. ಬ್ರಹ್ಮಾಂಡ ಹಿಗ್ಗುತ್ತಾ ಬಂದಂತೆ ಆ ಅಲೆಯೂ ಜಗ್ಗಿ ಜಗ್ಗಿ, ನಮ್ಮನ್ನು ತಲುಪುವ ಹೊತ್ತಿಗೆ ಸುಮಾರು ನಾಲ್ಕು ಮೀಟರ್ ಆಗಿರುತ್ತದೆ. 2018ರ ಫೆಬ್ರವರಿ 28ರಂದು ಅಮೆರಿಕದ ಒಂದು ತಂಡ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ 'ಎಡ್ಜಸ್' ಉಪಕರಣದಲ್ಲಿ ಆ ಬದಲಾವಣೆಯ ಗುರುತು, ರೇಡಿಯೊ ಸದ್ದಿನಲ್ಲಿ ಒಂದು ತಗ್ಗು, ಸಿಕ್ಕಿತು ಅಂತ ಪ್ರಕಟಿಸಿತು. 78 ಮೆಗಾಹರ್ಟ್ಸ್ ಹತ್ತಿರ. ಮಹಾಸ್ಫೋಟವಾಗಿ 18 ಕೋಟಿ ವರ್ಷಕ್ಕೇ ನಕ್ಷತ್ರಗಳು ಬೆಳಗಿದ್ದವು ಅಂತ ಅದರ ಅರ್ಥ. ಆದರೆ ಗುರುತು ಎಲ್ಲರೂ ಎಣಿಸಿದ್ದಕ್ಕಿಂತ ತುಂಬಾ ಆಳವಾಗಿತ್ತು. ಹೊಸ ಭೌತಶಾಸ್ತ್ರವೇ ಬೇಕಾಗಬಹುದು ಅಂತ ದೊಡ್ಡ ಗದ್ದಲವಾಯಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಅನ್ನುವ ತಮ್ಮ ಉಪಕರಣದಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ಕಷ್ಟ ಎಂಥದ್ದು ಅಂದರೆ, ನಮ್ಮ ಆಕಾಶಗಂಗೆಯ ರೇಡಿಯೊ ಸದ್ದು ಈ ತರಂಗಾಂತರದಲ್ಲಿ ಸಾವಿರಾರು ಡಿಗ್ರಿಯಷ್ಟು (ರೇಡಿಯೊ ಸದ್ದನ್ನು ಶಾಖದ ಡಿಗ್ರಿಯಲ್ಲೇ ಅಳೆಯುತ್ತಾರೆ). ಹುಡುಕುವ ಗುರುತು ಅರ್ಧ ಡಿಗ್ರಿ. ಜಾತ್ರೆಯ ಮೈಕಿನ ಮುಂದೆ ನಿಂತು ಸೊಳ್ಳೆಯ ಸದ್ದು ಕೇಳಿಸಿಕೊಂಡಂತೆ. ಇದರ ಮೇಲೆ ಎಫ್‌ಎಂ ಬೇರೆ, 88ರಿಂದ 108 ಮೆಗಾಹರ್ಟ್ಸ್, ಪಕ್ಕದಲ್ಲೇ. ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ ಹಾಡುವಾಗ 78ರಲ್ಲಿ ಸೃಷ್ಟಿಯ ಪಿಸುಮಾತು ಹಿಡಿಯಬೇಕು. ಅದಕ್ಕೇ ಊರಿಂದ ದೂರ ಬೇಕು.

ಇನ್ನೊಂದು ತೊಂದರೆ ನೆಲದ್ದು. ಬಾವಿ ತೋಡಿಸಿದವರಿಗೆಲ್ಲ ಗೊತ್ತು: ಮೇಲೆ ಒಣ ಮಣ್ಣು, ಕೆಳಗೆ ಹಸಿ ಮಣ್ಣು, ಅದರ ಕೆಳಗೆ ಬಂಡೆ. ಪದರ ಪದರಕ್ಕೂ ರೇಡಿಯೊ ಅಲೆ ಬಡಿದು ವಾಪಸ್ ಬಂದು ಆಂಟೆನಾಗೆ ಸುಳ್ಳು ಗುರುತು ಕೊಡುತ್ತದೆ. ನೀರಿನಲ್ಲಿ ಪದರ ಇಲ್ಲ. ಆದ್ದರಿಂದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ಕೆರೆಯ ನಡುವೆ ತೇಲಿಬಿಟ್ಟರು. 2020ರ ಮೊದಲ ತಿಂಗಳುಗಳಲ್ಲಿ ಮೊದಲು ದಂಡಿಗಾನಹಳ್ಳಿ, ಆಮೇಲೆ ಶರಾವತಿ ಹಿನ್ನೀರು. ಫಲಿತಾಂಶ ಬಂದದ್ದು 2022ರ ಫೆಬ್ರವರಿ 28ರಂದು. ಎಡ್ಜಸ್ ಕಂಡದ್ದು ಆಕಾಶದ ಗುರುತಲ್ಲ, ಶೇ. 95.3ರಷ್ಟು ಖಚಿತ.

ಇಲ್ಲ ಅನ್ನುವ ಉತ್ತರ ಇದು. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಪಠ್ಯಪುಸ್ತಕದಲ್ಲಿ ಬರೀ ಗೆದ್ದ ಪ್ರಯೋಗಗಳಿರುತ್ತವೆ. ದೊಡ್ಡ ಪತ್ರಿಕೆಯಲ್ಲಿ ಬಂದ ದೊಡ್ಡವರ ಮಾತನ್ನು ಒಂದು ತೆಪ್ಪ, ಒಂದು ಆಂಟೆನಾ ಇಟ್ಟುಕೊಂಡು ಪರೀಕ್ಷೆಗೆ ಹಚ್ಚಬಹುದು ಅನ್ನುವುದು ಪುಸ್ತಕದಲ್ಲಿ ಎಲ್ಲೂ ಇರಲ್ಲ. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಒಪ್ಪಬೇಡಿ ಅಂತ ಜೀವನವಿಡೀ ಹೇಳುತ್ತಿದ್ದರು. ಅವರೂ ಭೌತಶಾಸ್ತ್ರದ ಮೇಷ್ಟ್ರೇ.

ಒಂದು ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನೀರಿನ ಒಂಬತ್ತು ಪಾಲು ತೂಕದಲ್ಲಿ ಒಂದು ಪಾಲು ಜಲಜನಕ. ಅದೂ ಮಹಾಸ್ಫೋಟದ್ದೇ. ಹುಟ್ಟಿದ ಹೊಸದರಲ್ಲಿ ಜಲಜನಕ ಏನು ಹೇಳಿತು ಅಂತ ಕೇಳಲು ಕೂತ ಆ ಆಂಟೆನಾ ತೇಲುತ್ತಿದ್ದದ್ದು ಅದೇ ಜಲಜನಕದ ಮೇಲೆ.

ಅಕ್ಕನ ಮಗಳಿಗೆ ಇದನ್ನೆಲ್ಲ ಬದುವಿನ ಮೇಲೆ ಕೂತು ಹೇಳಿದೆ, ಇಷ್ಟು ಕ್ರಮವಾಗಿ ಅಲ್ಲ. ನಡುವೆ ಎರಡು ಸಲ "ಇದು ಪರೀಕ್ಷೆಗೆ ಬರಲ್ಲ ಅಲ್ವಾ ಮಾಮ?" ಅಂದಳು. ಬರಲ್ಲ ಅಂದೆ. ಪುಸ್ತಕ ತಿದ್ದುವುದು ನಮ್ಮ ಕೈಲಿಲ್ಲ. ಬರುವ ವರ್ಷ ಭಾವನ ಹೊಲದಲ್ಲಿ ನೇರಳೆ ರಾಗಿ, ಹಸಿರು ರಾಗಿ ಅಕ್ಕಪಕ್ಕ ಹಾಕಿ, ತೆನೆ ಕಟ್ಟಿ, ಸಸಿ ಎಣಿಸುವುದು ಕೈಲಿದೆ. ಒಂದು ಹಂಗಾಮಿಗೆ ಮುಗಿಯಲ್ಲ. 3:1 ಬಂತಾ ಇಲ್ಲವಾ ಅಂತ ನೋಡಲು ಮೂರು ಬೆಳೆ ಬೇಕು. ಅಷ್ಟು ಹೊತ್ತಿಗೆ ಅವಳು ಪಿಯುಸಿ ಮುಗಿಸಿರುತ್ತಾಳೆ. ಮುಂದೆ ಅವಳ ತಮ್ಮ ಎಣಿಸಲಿ.

ನೇರಳೆ ಬೀಜ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳೋಣ ಅಂತ ಮಾತಾಯಿತು. ಭಾವ ಕಳೆಯ ಕಂತೆಯನ್ನು ಹಸುವಿನ ಮುಂದೆ ಹಾಕಿ ಬಂದು ಎಲ್ಲ ಕೇಳಿಸಿಕೊಂಡರು.

"ಎರಡು ಸಾಲು ಬಿಡ್ತೀನಿ" ಅಂದರು. "ಮೂರನೇದು ಕೇಳಬ್ಯಾಡ."